ಕಂಠಪೂರ್ತಿ ಕಾಕಂಬಿ

ತೂಕದಕಟ್ಟೆ ಕಂಡರೆ ಲಾರಿ ಡ್ರೈವರುಗಳ ಮುಖ ಹುಳಿ ತಿಂದಂತಾಗುತ್ತದೆ. ರಸ್ತೆಯಲ್ಲಿ ಹುದುಗಿಸಿದ ಆ ಕಬ್ಬಿಣದ ಹಲಗೆಯ ಮೇಲೆ ಗಾಡಿ ಹತ್ತಿಸಿ, ಪಕ್ಕದ ಗೂಡಿನಲ್ಲಿ ಕೂತ ಸಾಹೇಬರು ಏನು ಹೇಳುತ್ತಾರೋ ಎಂದು ಕಾಯುವಾಗ ಎಂಥ ಗಂಡೆದೆಯೂ ಒಮ್ಮೆ ಪುಕುಪುಕು ಅನ್ನುತ್ತದೆ. ಅಂಥ ತೂಕದಕಟ್ಟೆಗೆ ಇವತ್ತಿಗೂ ಗಾಡಿ ನಿಲ್ಲಿಸಿ, ಇಳಿದು, ಎರಡೂ ಕೈ ಎತ್ತಿ ಮುಗಿದು ಮುಂದೆ ಹೋಗುವ ಡ್ರೈವರ್ ಈ ಭೂಮಂಡಲದಲ್ಲಿ ಒಬ್ಬನೇ ಇದ್ದಾನೆ. ಅವನು ಯಾಕೆ ಹಾಗೆ ಮಾಡುತ್ತಾನೆ ಅನ್ನುವುದೇ ಈ ಕಥೆ. ನಾನು ಇದಕ್ಕೆ ನನ್ನ ಕಡೆಯಿಂದ ಒಂದು ಹನಿಯನ್ನೂ ಸೇರಿಸಿಲ್ಲ. ಸೇರಿಸಲು ಜಾಗವೇ ಇರಲಿಲ್ಲ.

ಬಡಾವಣೆಯವರು ಅವನನ್ನು ಕರೆಯುತ್ತಿದ್ದುದು ಕಂಠಪೂರ್ತಿ ಅಂತ. ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಬೇರೆ ಟ್ಯಾಂಕರುಗಳು ದಾರಿಯುದ್ದಕ್ಕೂ ತುಳುಕಿಸಿಕೊಂಡು ಮುಕ್ಕಾಲು ನೀರು, ಕಾಲು ಗಾಳಿ ತಂದು ಸುರಿದರೆ, ಇವನ ಟ್ಯಾಂಕರ್ ಕಂಠದವರೆಗೆ ತುಂಬಿರುತ್ತಿತ್ತು. ತುಂಬಿಸುವಾಗ ಮೇಲೆ ಹತ್ತಿ, ಟ್ಯಾಂಕಿನ ಬಾಯಿಯೊಳಗೆ ತೋರುಬೆರಳು ಇಳಿಬಿಟ್ಟು ಕೂರುತ್ತಿದ್ದ. ಬೆರಳಿನ ಬುಡ ಒದ್ದೆಯಾಗುವ ತನಕ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಟ್ಯಾಂಕಿನ ಹಿಂಬದಿಯಲ್ಲಿ ಹತ್ತು ಸಾವಿರ ಲೀಟರ್ ಎಂದು ಬರೆಸಿದ್ದ ಅಕ್ಷರಗಳು ಎಷ್ಟು ದೊಡ್ಡವೆಂದರೆ ವಿಮಾನದಲ್ಲಿ ಹೋಗುವವರು ಕಿಟಕಿಯಿಂದ ಓದಿಕೊಳ್ಳುತ್ತಿದ್ದರು.

"ಅರ್ಧ ಕೆಲಸ ನಮ್ಮ ವಂಶದಲ್ಲೇ ಇಲ್ಲ" ಅನ್ನುತ್ತಿದ್ದ. ಅವನ ಅಪ್ಪ ಕಟ್ಟಲು ಹೊರಟ ಮನೆ ಇನ್ನೂ ಅರ್ಧದಲ್ಲೇ ನಿಂತಿತ್ತು, ಆ ಮಾತು ಬೇರೆ.

ಇಂಥವನ ಎದೆಯಲ್ಲಿ ಒಂದೇ ಒಂದು ಮುಳ್ಳಿತ್ತು. ಅದು ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಷಡ್ಡಕನ ಹತ್ತಿರ ಬಿಳೀ ಕಾರಿತ್ತು. ಮಕ್ಕಳ ಮೂಗು ಒರೆಸಲು ಸಿಗದ ಪುರುಸೊತ್ತು ಅವನಿಗೆ ಆ ಕಾರು ಒರೆಸಲು ಸಿಗುತ್ತಿತ್ತು. ಇಬ್ಬರಿಗೂ ಅತ್ತೆ ಒಬ್ಬರೇ ಆದ್ದರಿಂದ ಪೈಪೋಟಿಗೆ ಅಂಗಳವೂ ಒಂದೇ.

ಅತ್ತೆ ಕಡ್ಡಿಯಂಥ ಹೆಂಗಸು. ಜೋರಾಗಿ ಗಾಳಿ ಬೀಸಿದರೆ ಮನೆಯವರು ಕಿಟಕಿ ಹಾಕುತ್ತಿದ್ದುದು ಧೂಳಿಗೆ ಹೆದರಿ ಅಲ್ಲ, ಅತ್ತೆ ಹಾರಿಹೋದಾರು ಅಂತ. ಆದರೆ ನಾಲಿಗೆ ಮಾತ್ರ ಕಬ್ಬಿಣದ್ದು. ಎರಡೂ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕಂಠಪೂರ್ತಿಯನ್ನು ಅಳಿಯ ಅಂತ ಒಪ್ಪಿಕೊಂಡದ್ದೂ ದನಿ ಕೇಳಿಯೇ. "ದನಿ ಗಟ್ಟಿಯಾಗಿದೆ, ಆಳೂ ಗಟ್ಟಿ ಇರಬೇಕು" ಅಂದಿದ್ದರು. ಆಪರೇಷನ್ ಅಂದರೆ ಮಂಚದ ಕೆಳಗೆ ಹೋಗಿ ಕೂರುತ್ತಿದ್ದ ಅವರನ್ನು ಮಗಳಂದಿರಿಬ್ಬರೂ ಅತ್ತು ಕರೆದು, ಉಪವಾಸದ ಬೆದರಿಕೆ ಹಾಕಿ, ಕೊನೆಗೂ ಒಪ್ಪಿಸಿದ್ದರು. ಒಪ್ಪಿದವರು ಒಂದು ಷರತ್ತು ಹಾಕಿದರು.

"ಒಂದು ಸಲ ಹೋಗ್ತೀನಿ. ಅವತ್ತು ಏನಾದ್ರೂ ಅಡ್ಡ ಬಂದು ತಪ್ಪಿತೋ, ತಪ್ಪಿತು. ಆಮೇಲೆ ಇನ್ನೊಂದು ಸಲ ಯಾರಾದ್ರೂ ಕಣ್ಣು ಅಂತ ಬಾಯಿ ಬಿಟ್ರೆ ನಾನು ಊಟ ಬಿಡ್ತೀನಿ."

ಈ ಅತ್ತೆ ಹೇಳಿದರೆ ಹೇಳಿದ್ದೇ. ಹಿಂದೊಮ್ಮೆ ಪಕ್ಕದ ಮನೆಯವರ ಜೊತೆ ಮಾತು ಬಿಡ್ತೀನಿ ಅಂದಿದ್ದಕ್ಕೆ ಅವರು ಮನೆ ಮಾರಿಕೊಂಡು ಹೋಗಿದ್ದರು, ಹೊಸದಾಗಿ ಬಂದವರ ಜೊತೆಗೂ ಮಾತಿರಲಿಲ್ಲ.

ಘಟ್ಟದ ಕೆಳಗಿನ ಪಟ್ಟಣದ ಆಸ್ಪತ್ರೆಗೆ ಕಣ್ಣಿನ ದೊಡ್ಡ ಡಾಕ್ಟರು ಬರುವ ದಿನ ಗೊತ್ತಾಯಿತು. ಮಧ್ಯಾಹ್ನದೊಳಗೆ ಅಲ್ಲಿರಬೇಕು. ಷಡ್ಡಕ ಕಾರು ತರ್ತೀನಿ ಅಂದ. ಅಷ್ಟು ಹೊತ್ತಿಗೆ ಸರಿಯಾಗಿ ಅದೇ ಪಟ್ಟಣದ ಪಶು ಆಹಾರದ ಕಾರ್ಖಾನೆಯಿಂದ ಕಂಠಪೂರ್ತಿಗೆ ಕರೆ ಬಂತು. ಅವರ ಮಾಮೂಲಿ ಟ್ಯಾಂಕರ್ ಕೆಟ್ಟು ನಿಂತಿದೆ, ಸಕ್ಕರೆ ಕಾರ್ಖಾನೆಯಿಂದ ಒಂದು ಲೋಡ್ ಕಾಕಂಬಿ ತಂದುಕೊಡಲು ಆದೀತೇ ಅಂತ. ಸಕ್ಕರೆ ತೆಗೆದ ಮೇಲೆ ಉಳಿಯುವ ಕರೀ ಪಾಕವೇ ಕಾಕಂಬಿ. ಹಸುಗಳಿಗೆ ಅದೆಂದರೆ ಪ್ರಾಣ.

"ಕಾರು ಬೇಡ" ಅಂದ ಕಂಠಪೂರ್ತಿ, ಎದೆ ಉಬ್ಬಿಸಿ. "ಅತ್ತೆಯನ್ನ ನಾನೇ ಕರ್ಕೊಂಡು ಹೋಗ್ತೀನಿ. ಕಾರಲ್ಲಿ ಕೂತ್ರೆ ನೆಲ ಕೆರ್ಕೊಂಡು ಹೋದ ಹಾಗೆ. ನನ್ನ ಕ್ಯಾಬಿನ್ನಲ್ಲಿ ಸಿಂಹಾಸನ ಇದೆ."

"ಸಿಂಹಾಸನದ ಹಿಂದೆ ಹಸುವಿನ ತಿಂಡಿ" ಅಂದ ಷಡ್ಡಕ.

"ಇಬ್ರೂ ಬಾಯ್ಮುಚ್ಚಿ" ಅಂದರು ಅತ್ತೆ. "ಎತ್ತರ ಇರೋದ್ರಲ್ಲಿ ಹೋಗ್ತೀನಿ. ಕಣ್ಣು ಕಾಣದಿದ್ರೂ ಗಾಳಿ ಬರುತ್ತೆ."

ಹೀಗೆ ನಮ್ಮವನು ಗೆದ್ದ. ಆ ಗೆಲುವಿನ ಅಮಲಿನಲ್ಲೇ ಬೆಳಿಗ್ಗೆ ಅತ್ತೆಯನ್ನು ಕೂರಿಸಿಕೊಂಡು ಸಕ್ಕರೆ ಕಾರ್ಖಾನೆಯ ಕೊಳವೆಯ ಕೆಳಗೆ ಗಾಡಿ ನಿಲ್ಲಿಸಿದ.

ಅಲ್ಲಿನ ಮೇಸ್ತ್ರಿ ಮುಕ್ಕಾಲು ತುಂಬುತ್ತಿದ್ದಂತೆ ಕೊಳವೆ ತಿರುಗಿಸಿ ನಿಲ್ಲಿಸಿದ.

"ಯಾಕಣ್ಣ, ಮುಗಿದುಹೋಯ್ತಾ?"

"ಮುಗಿಯೋದೇನು, ಕೆರೆಯಷ್ಟಿದೆ. ನಿನ್ನ ಗಾಡಿಗೆ ಇಷ್ಟೇ ಸಾಕು. ಇದು ನೀರಲ್ಲಪ್ಪ."

"ನೀರಲ್ಲ ಅಂತ ನನಗೂ ಕಾಣ್ಸುತ್ತೆ. ನೀರು ಯಾವಾಗ ಇಷ್ಟು ಕಪ್ಪಗಿತ್ತು? ಆದ್ರೆ ತೊಟ್ಟಿ ಅದೇ ತಾನೆ? ನೀರು ಹತ್ತು ಸಾವಿರ ಲೀಟರ್ ಹಿಡಿಯೋ ತೊಟ್ಟಿಯಲ್ಲಿ ಇದು ಕಡಿಮೆ ಹಿಡಿಯುತ್ತಾ?"

"ಹಿಡಿಯುತ್ತೆ. ನಿನ್ನ ಗಾಡಿ ತಡ್ಕೊಳ್ಬೇಕಲ್ಲ?"

ಗಾಡಿಯ ಬಗ್ಗೆ ಮಾತು ಬಂದರೆ ಕಂಠಪೂರ್ತಿ ಹೆತ್ತ ತಾಯಿಯ ಹಾಗೆ ಆಡುತ್ತಿದ್ದ. ಕ್ಯಾಬಿನ್ನಿನಿಂದ ಅತ್ತೆಯೂ ದನಿಗೂಡಿಸಿದರು. "ಅಳಿಯಂದ್ರೇ, ಅವನು ನಿಮ್ಮನ್ನ ಹೊಸಬ ಅಂತ ಮೋಸ ಮಾಡ್ತಿದಾನೆ. ಬಿಡ್ಬೇಡಿ." ಅತ್ತೆಯ ಮುಂದೆ ಮುಕ್ಕಾಲು ಟ್ಯಾಂಕರ್ ತೆಗೆದುಕೊಂಡು ಹೋಗುವುದಕ್ಕಿಂತ ಅದೇ ಟ್ಯಾಂಕರಿನೊಳಗೆ ಬಿದ್ದು ಸಾಯುವುದು ಲೇಸು. ಮೇಲೆ ಹತ್ತಿ ಬೆರಳು ಇಳಿಬಿಟ್ಟು ಕೂತೇಬಿಟ್ಟ. ಮೇಸ್ತ್ರಿ ಕೈ ಕೊಡವಿ, "ನಿನ್ನ ಹಣೆಬರಹ" ಅಂತ ಕೊಳವೆ ಬಿಟ್ಟ. ಬೆರಳಿನ ಬುಡಕ್ಕೆ ಕರೀ ಪಾಕ ಹತ್ತಿದಾಗ ಕಂಠಪೂರ್ತಿ ಅದನ್ನು ನೆಕ್ಕಿ, ತೃಪ್ತಿಯಿಂದ ಇಳಿದ.

ಗಾಡಿ ಹೊರಟಿತು ಅನ್ನುವುದಕ್ಕಿಂತ ಹೊರಡಲು ಮನಸ್ಸು ಮಾಡಿತು ಅನ್ನಬಹುದು. ಮೊದಲ ಗೇರಿನಲ್ಲಿ ಅದು ಹಾಕಿದ ಕೂಗಿಗೆ ರಸ್ತೆ ಬದಿಯ ನಾಯಿಗಳು ಕಿವಿ ಮಡಚಿಕೊಂಡವು. ಸ್ಪ್ರಿಂಗುಗಳು ರೊಟ್ಟಿಯಂತೆ ಚಪ್ಪಟೆಯಾಗಿದ್ದವು. ಒಂದು ಸೈಕಲ್ ಅವರನ್ನು ಹಿಂದೆ ಹಾಕಿತು. ಆಮೇಲೆ ಒಂದು ಕತ್ತೆ. ಕತ್ತೆ ಒಮ್ಮೆ ತಿರುಗಿ ನೋಡಿ, ಕನಿಕರದಿಂದ ನಿಧಾನ ಮಾಡಿತು ಅಂತಲೂ ಹೇಳುತ್ತಾರೆ.

"ಯಾಕೆ ಅಳಿಯಂದ್ರೇ, ನಿಂತೇ ಇದೀವಾ?"

"ಇಲ್ಲ ಅತ್ತೆ, ಹೋಗ್ತಿದೀವಿ. ಗಾಡಿ ಇವತ್ತು ಗಂಭೀರವಾಗಿದೆ. ದೊಡ್ಡವರು ಕೂತಿದೀರಲ್ಲ."

ಅತ್ತೆಗೆ ಖುಷಿಯಾಯಿತು. ಬ್ರೇಕು ತುಳಿದಾಗಲೆಲ್ಲ ಗಾಡಿ ನಿಲ್ಲುವ ಬದಲು ಯೋಚಿಸುತ್ತಿದ್ದುದನ್ನೂ, ಚಕ್ರದ ಕಡೆಯಿಂದ ರಬ್ಬರು ಸುಟ್ಟ ವಾಸನೆ ಬರುತ್ತಿದ್ದುದನ್ನೂ ಅವನು ಅದೇ ಗಾಂಭೀರ್ಯದ ಲೆಕ್ಕಕ್ಕೆ ಹಾಕಿದ.

ಘಟ್ಟದ ಇಳಿಜಾರು ಶುರುವಾಗುವ ಮುಂಚೆ ತೂಕದಕಟ್ಟೆ ಸಿಗುತ್ತದೆ. ಅಲ್ಲಿನ ತೂಕದ ಸಾಹೇಬರು ಇಸ್ತ್ರಿ ಹಾಕಿದ ಬಟ್ಟೆಯೊಳಗೆ ಇಸ್ತ್ರಿ ಹಾಕಿದ ಮನುಷ್ಯ. ಜೊತೆಗೊಬ್ಬ ಪೇದೆ. ಗಾಡಿ ಹಲಗೆಯ ಮೇಲೆ ಹತ್ತಿತು. ಗೂಡಿನ ಮೇಲಿನ ಕೆಂಪು ಅಂಕಿಗಳು ಓಡಿ ಓಡಿ ಒಂದು ಕಡೆ ನಿಂತವು. ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಏನಿದೆಯಪ್ಪ ಒಳಗೆ?"

"ಕಾಕಂಬಿ ಸಾರ್. ಹತ್ತು ಸಾವಿರ ಲೀಟರ್. ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ."

"ಹತ್ತು ಸಾವಿರ ಲೀಟರ್ ಅಂದ್ರೆ ಹತ್ತು ಟನ್. ಸರಿ ತಾನೆ?"

"ಸರಿ ಸಾರ್. ಲೀಟರಿಗೆ ಕಿಲೋ. ದಿನಾ ಹೊರೋನು ನಾನು, ನನಗೆ ಗೊತ್ತಿಲ್ವಾ?"

ಇಬ್ಬರೂ ಒಂದೇ ತಪ್ಪಿನ ಎರಡು ಕಡೆ ಹಿಡಿದುಕೊಂಡು ನಗುತ್ತಾ ನಿಂತಿದ್ದರು. ಆಮೇಲೆ ಸಾಹೇಬರು ನಗು ನಿಲ್ಲಿಸಿದರು.

"ಖಾಲಿ ಗಾಡಿಯ ತೂಕ ಕಳೆದ ಮೇಲೂ ಇಲ್ಲಿ ಹದಿನಾಲ್ಕು ಟನ್ ತೋರಿಸ್ತಿದೆ. ಹೆಚ್ಚಿಗೆ ಇರೋ ನಾಲ್ಕು ಟನ್ ಏನು?"

ಕಂಠಪೂರ್ತಿಗೆ ಏನೂ ಹೊಳೆಯಲಿಲ್ಲ. ಹೊಳೆಯದಿದ್ದಾಗ ಸುಮ್ಮನಿರುವ ಅಭ್ಯಾಸ ಅವನಿಗಿರಲಿಲ್ಲ. "ನಮ್ಮ ಅತ್ತೆ ಇದಾರೆ ಸಾರ್" ಅಂದುಬಿಟ್ಟ.

ಪೇದೆ ಕ್ಯಾಬಿನ್ನಿನ ಬಾಗಿಲು ತೆಗೆದು, "ಅಜ್ಜಿ, ಸ್ವಲ್ಪ ಇಳೀರಿ. ತೂಕ ಹೆಚ್ಚು ಬರ್ತಿದೆ" ಅಂದ.

ಆ ಮಾತು ಕೇಳಿದ ಕೂಡಲೇ ಅತ್ತೆ ಇಳಿದ ರೀತಿಗೆ ಪೇದೆ ಸಾಲಾಗಿ ನಿಂತಿದ್ದ ಲಾರಿಗಳ ಸಂದಿಗೆ ಸರಿದ.

"ಅಳಿಯಂದ್ರೇ, ನೀವು ನನ್ನನ್ನ ಆಸ್ಪತ್ರೆಗೆ ಅಂತ ಕರ್ಕೊಂಡು ಬಂದು ರಸ್ತೆ ಮೇಲೆ ತೂಗಿಸ್ತಿದೀರಾ?"

"ಅಯ್ಯೋ ಇಲ್ಲ ಅತ್ತೆ."

"ನಾಲ್ಕು ಟನ್ ನಾನಾ? ಯಾವನವನು ಹೇಳಿದ್ದು, ಇಲ್ಲಿ ಬಾ. ಈ ಕೈ ಹಿಡಿದು ನೋಡು. ಇದರಲ್ಲಿ ನಾಲ್ಕು ಟನ್ ಎಲ್ಲಿಟ್ಕೊಳ್ಳಲಿ?"

ಸಾಹೇಬರು ಗೂಡಿನಿಂದಲೇ ಅಂಕಿ ನೋಡಿ ಕೂಗಿದರು. "ಪರವಾಗಿಲ್ಲಮ್ಮ. ನೀವು ಇಳಿದ್ರೂ ಅಷ್ಟೇ ಇದೆ. ಏನೂ ವ್ಯತ್ಯಾಸ ಇಲ್ಲ."

ಇದು ಸಮಾಧಾನದ ಮಾತು ಅಂದುಕೊಂಡಿದ್ದರು ಪಾಪ.

"ವ್ಯತ್ಯಾಸವೇ ಇಲ್ವಾ?" ಅತ್ತೆಯ ದನಿ ಇನ್ನೊಂದು ಮೆಟ್ಟಿಲೇರಿತು. "ಇಬ್ಬರು ಮಕ್ಕಳನ್ನ ಹೆತ್ತು, ಇಂಥ ಅಳಿಯಂದಿರನ್ನ ಸಹಿಸ್ಕೊಂಡು ಬದುಕಿರೋಳು ನಾನು. ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂತೀರಾ?"

ಅಷ್ಟರಲ್ಲಿ ಹಿಂದೆ ನಿಂತ ಲಾರಿಗಳ ಡ್ರೈವರುಗಳೆಲ್ಲ ಸುತ್ತ ಸೇರಿದರು. ಗೇಟಿನ ಪಕ್ಕ ಬುಟ್ಟಿ ಇಟ್ಟುಕೊಂಡು ಮಾರುತ್ತಿದ್ದ ತರಕಾರಿಯವಳು ತಕ್ಕಡಿ ಕಂಕುಳಲ್ಲಿಟ್ಟುಕೊಂಡೇ ಬಂದಳು. ನಾಲ್ಕು ಟನ್ ಏನೋ ಅಡಗಿಸಿದ್ದಾನಂತೆ ಅನ್ನುವ ಸುದ್ದಿ ಗುಂಪಿನ ಈ ತುದಿಯಿಂದ ಹೊರಟು ಆ ತುದಿ ತಲುಪುವಷ್ಟರಲ್ಲಿ ಅದಕ್ಕೆ ಸೊಂಡಿಲು ಬಂದಿತ್ತು. ಕಾಕಂಬಿಯಲ್ಲಿ ಒಂದು ಇಡೀ ಆನೆಯನ್ನು ಮುಳುಗಿಸಿ ಸಾಗಿಸುತ್ತಿದ್ದಾನೆ ಅಂತ ಒಬ್ಬ ಪ್ರಮಾಣ ಮಾಡಿ ಹೇಳಿದ.

"ಒಳಗೇನೋ ಇದೆ" ಅಂದರು ಸಾಹೇಬರು. "ಹತ್ತು ನೋಡು."

ಪೇದೆ ಉದ್ದನೆಯ ಬಿದಿರ ಗಳು ಹಿಡಿದು ಮೇಲೆ ಹತ್ತಿ ಟ್ಯಾಂಕಿನ ಬಾಯಿಯೊಳಗೆ ಇಳಿಸಿದ. ಗಳು ನಿಧಾನವಾಗಿ ಒಳಗೆ ಹೋಯಿತು. ಎಳೆದ. ಬರಲಿಲ್ಲ. ಕಾಲು ಊರಿ ಎಳೆದ. ಗಳು ಒಂದು ಗೇಣು ಬಂದು, ಮತ್ತೆ ಒಳಗೆ ಜಗ್ಗಿತು.

"ಸಾರ್" ಅಂದ ಪೇದೆ, ದನಿ ತಗ್ಗಿಸಿ. "ಒಳಗಿಂದ ಯಾರೋ ಹಿಡ್ಕೊಂಡಿದಾರೆ."

ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು. ಹೆದರಿಕೆಗಲ್ಲ, ಚೆನ್ನಾಗಿ ಕಾಣಲಿ ಅಂತ.

ಇದೇ ಹೊತ್ತಿಗೆ ಹೆಂಡತಿಯ ಫೋನು ಬಂತು. ಹೊತ್ತಾಯಿತಲ್ಲ, ಆಸ್ಪತ್ರೆ ಸೇರಿದರಾ ಅಂತ. ಕಂಠಪೂರ್ತಿ ಏನು ಹೇಳಲಿ ಅಂತ ತಡವರಿಸುವಾಗ ಅತ್ತೆ ಫೋನು ಕಿತ್ತುಕೊಂಡರು. "ಮಗಳೇ, ನನ್ನನ್ನ ಇಲ್ಲಿ ಲಾರಿ ಥರ ತೂಗಿ ನಾಲ್ಕು ಟನ್ ಹೆಚ್ಚಿದೆ ಅಂತ ಹಿಡ್ಕೊಂಡಿದಾರೆ. ಆಪರೇಷನ್ ತಪ್ಪಿತು ಅಂತ್ಲೇ ಲೆಕ್ಕ. ನಾನು ಮೊದಲೇ ಹೇಳಿದ್ದೆ" ಅಂದು ಫೋನು ಇಟ್ಟುಬಿಟ್ಟರು. ಆ ಕಡೆ ಹೆಂಡತಿ ಅಕ್ಕನಿಗೆ, ಅಕ್ಕ ತನ್ನ ಗಂಡನಿಗೆ ಸುದ್ದಿ ಮುಟ್ಟಿಸಿದರು. ಷಡ್ಡಕ ಜನ್ಮದಲ್ಲಿ ಮೊದಲ ಬಾರಿಗೆ ಕಾರು ಒರೆಸದೆ ಹೊರಟ.

ಕಂಠಪೂರ್ತಿ ಈಗ ಆಕಾಶ ನೋಡಿದ. ಸಾಹೇಬರು ಗಾಡಿ ಹಿಡಿದರೆ ಹಿಡಿಯಲಿ. ಆದರೆ ಸೂರ್ಯ ನೆತ್ತಿಗೆ ಬರುತ್ತಿದ್ದ, ಡಾಕ್ಟರು ಕಾಯುವವರಲ್ಲ, ಅತ್ತೆ ಮಾತು ತಪ್ಪುವವರಲ್ಲ. ತನ್ನ ಸಿಂಹಾಸನದ ಜಂಬಕ್ಕೆ ಆ ಹೆಂಗಸು ಇಡೀ ಬಾಳು ಕತ್ತಲಲ್ಲಿ ಕೂರಬೇಕಾಗುತ್ತದೆ.

"ಸಾರ್, ನನ್ನನ್ನ ಕಟ್ಟಿಹಾಕಿ. ಅತ್ತೆಯನ್ನ ಮಾತ್ರ ಯಾವುದಾದ್ರೂ ಗಾಡಿಯಲ್ಲಿ ಕಳಿಸ್ಕೊಡಿ."

"ತನಿಖೆ ಮುಗಿಯೋವರೆಗೂ ಯಾರೂ ಅಲ್ಲಾಡೋ ಹಾಗಿಲ್ಲ" ಅಂದರು ಸಾಹೇಬರು. "ಮೊದಲು ಒಳಗಿರೋದು ಏನು ಅಂತ ಮಾದರಿ ತೆಗಿ."

ಮಾದರಿಗೆ ಪಾತ್ರೆ ಬೇಕಲ್ಲ. ಅತ್ತೆ ಎಲ್ಲಿ ಹೋದರೂ ಒಂದೇ ಥರದ, ಒಂದೊಂದು ಲೀಟರಿನ ಎರಡು ಸ್ಟೀಲ್ ಬಾಟಲಿಯಲ್ಲಿ ಮನೆಯ ನೀರು ತರುತ್ತಿದ್ದರು. ಪೇದೆ ಅದರಲ್ಲೊಂದನ್ನು ಖಾಲಿ ಮಾಡಿ, ಕಾಕಂಬಿ ತುಂಬಿಸಿ, ಹೊರಗೆಲ್ಲ ಒರೆಸಿ, ಮುಚ್ಚಳ ತಿರುಗಿಸಿ, ಇನ್ನೊಂದರ ಪಕ್ಕದಲ್ಲೇ ಇಟ್ಟ. ಜಗಳವಾಡಿ ಬಾಯಾರಿದ್ದ ಅತ್ತೆ ತಡಕಾಡಿ ಒಂದನ್ನು ಎತ್ತಿದರು. ಎತ್ತಿದವರು ಹಾಗೇ ನಿಂತರು.

"ನನ್ನ ಬಾಟ್ಲಿಯಲ್ಲಿ ಕಲ್ಲು ಹಾಕಿದೋರು ಯಾರು?"

"ಕಲ್ಲಲ್ಲ ಅಜ್ಜಿ, ಕಾಕಂಬಿ. ನೀರಿದ್ದಷ್ಟೇ ತುಂಬ್ಸಿದೀನಿ."

"ಸುಳ್ಳು." ಅತ್ತೆ ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದರು. ಎರಡೂ ಕೈ ಮೇಲೆ ಕೆಳಗೆ ಆಡಿಸಿದರು. "ನನ್ನ ಅಡುಗೆಮನೆಯಲ್ಲಿ ಕಣ್ಣು ಕೆಲಸ ಬಿಟ್ಟು ಎಷ್ಟೋ ಕಾಲ ಆಯ್ತು. ಡಬ್ಬಿ ಎಲ್ಲಾ ಒಂದೇ ಅಳತೆ. ಎತ್ತಿ ನೋಡೇ ನಾನು ಯಾವುದು ಏನು ಅಂತ ಹೇಳ್ತೀನಿ. ನೀರಿಗಿಂತ ಎಣ್ಣೆ ಹಗುರ. ನೀರಿಗಿಂತ ಜೇನು ಭಾರ. ಇದು ಜೇನಿನ ಅಣ್ಣ. ನನಗೆ ನೀರು ಅಂತ ಇದನ್ನ ಕುಡಿಸಿ ಸಾಯಿಸ್ಬೇಕು ಅಂತ ಇದೀರಾ?"

ಅತ್ತೆ ದೂರು ಹೇಳುತ್ತಿದ್ದರು. ಸಾಹೇಬರಿಗೆ ಮಾತ್ರ ತಲೆಯೊಳಗೆ ಎಲ್ಲೋ ಗಂಟೆ ಬಡಿದಂತಾಯಿತು. ತರಕಾರಿಯವಳ ತಕ್ಕಡಿಯ ಕಡೆ ನೋಡಿದರು. ಅವಳು ಕೂಡಲೇ ನೆಲದ ಮೇಲೆ ಕೂತು ತಕ್ಕಡಿ ಎತ್ತಿದಳು. ಒಂದು ತಟ್ಟೆಗೆ ನೀರಿನ ಬಾಟಲಿ, ಇನ್ನೊಂದಕ್ಕೆ ಕಾಕಂಬಿಯದು. ಕಾಕಂಬಿಯ ತಟ್ಟೆ ದಡಕ್ಕನೆ ಕೆಳಗೆ ಕೂತಿತು. ಇಡೀ ಗುಂಪು ಬಾಗಿತು. ತರಕಾರಿಯವಳು ನೀರಿನ ಕಡೆಗೆ ಟೊಮೆಟೊ ಇಡುತ್ತಾ ಹೋದಳು. ಐದನೆಯದಕ್ಕೆ ತಕ್ಕಡಿ ಸಮನಾಯಿತು.

"ಬಾಟ್ಲಿ ಒಂದೇ" ಅಂದರು ಸಾಹೇಬರು ನಿಧಾನವಾಗಿ. "ತುಂಬಿರೋದೂ ಒಂದೇ ಮಟ್ಟ. ಆದ್ರೂ ಐದು ಟೊಮೆಟೊ ಹೆಚ್ಚು. ಹಾಗಾದ್ರೆ ಟ್ಯಾಂಕರಿನಲ್ಲಿ ಇಂಥ ಹತ್ತು ಸಾವಿರ ಬಾಟ್ಲಿ. ಅಂದ್ರೆ ಐವತ್ತು ಸಾವಿರ ಟೊಮೆಟೊ."

"ನೋಡಿದ್ರಾ ಸಾರ್" ಅಂದ ಪೇದೆ. "ಟೊಮೆಟೊ ಸಾಗಿಸ್ತಿದಾನೆ ಕಳ್ಳ."

"ನೀನು ಸ್ವಲ್ಪ ದೂರ ನಿಲ್ಲು" ಅಂದರು ಸಾಹೇಬರು. ಅವರಿಗೆ ನಾಚಿಕೆಯೂ ಆಗಿತ್ತು, ಸಂತೋಷವೂ ಆಗಿತ್ತು. ಸರ್ವೀಸಿನಲ್ಲಿ ಹಾಲು ನೀರು ಬಿಟ್ಟು ಬೇರೆ ಟ್ಯಾಂಕರ್ ತೂಗಿರಲಿಲ್ಲ ಅವರು. "ಏನೂ ಅಡಗಿಸಿಲ್ಲಪ್ಪ ನೀನು. ಕಾಕಂಬಿಯೇ ಭಾರ. ಅಷ್ಟೇ ಜಾಗದಲ್ಲಿ ಒತ್ತೊತ್ತಾಗಿ ಕೂತಿದೆ. ತೂಕ ಮಾತ್ರ ಮಿತಿ ಮೀರಿದೆ, ಮುಂದೆ ಹೋಗೋ ಹಾಗಿಲ್ಲ."

ನಿರಪರಾಧಿ ಅಂತ ತೀರ್ಪಾದ ಕೂಡಲೇ ಕಂಠಪೂರ್ತಿಯ ಜಂಬ ಪೂರ್ತಿ ವಾಪಸು ಬಂತು. "ಸಾರ್, ಭಾರ ಇದ್ರೇನು? ಈ ತೊಟ್ಟಿ ಇಷ್ಟು ವರ್ಷ ಇದೇ ಕಂಠದವರೆಗೆ ಹಿಡಿದಿದೆ. ಎತ್ತರ ಅದೇ, ತಳ ಅದೇ. ಹಿಂದೆ ತಳದಲ್ಲಿ ಒಂದು ತೂತಿತ್ತು, ನಾನೇ ತೇಪೆ ಹಾಕಿಸಿದೆ. ಅವತ್ತಿಂದ ಇವತ್ತಿನವರೆಗೂ ಒಂದು ತೊಟ್ಟು ಸೋರಿಲ್ಲ" ಅಂತ ಬಗ್ಗಿ, ತೇಪೆಯನ್ನು ಪ್ರೀತಿಯಿಂದ ತಟ್ಟಿದ.

ಆ ತೇಪೆಯ ಕಡೆಯಿಂದ ಒಂದು ಮಾತು ಹೇಳಲೇಬೇಕು. ಒಬ್ಬರ ತೊಡೆಯ ಮೇಲೆ ಒಬ್ಬರು, ಅವರ ತೊಡೆಯ ಮೇಲೆ ಇನ್ನೊಬ್ಬರು, ಹೀಗೆ ಛಾವಣಿಯವರೆಗೂ ಕೂತಿದ್ದಾರೆ ಅಂದುಕೊಳ್ಳಿ. ಎಲ್ಲರಿಗಿಂತ ಕೆಳಗಿರುವವನು ತೇಪೆ. ನೀರಿದ್ದಷ್ಟು ಕಾಲ ಮೇಲೆ ಕೂತವರೆಲ್ಲ ಸಣಕಲರು, ಅವನು ಹಲ್ಲು ಕಚ್ಚಿ ತಡೆದುಕೊಂಡಿದ್ದ. ಇವತ್ತು ಅಷ್ಟೇ ಎತ್ತರಕ್ಕೆ ಅಷ್ಟೇ ಜನ ಕೂತಿದ್ದಾರೆ, ಆದರೆ ಎಲ್ಲರೂ ಪೈಲ್ವಾನರು. ಬೆಳಗಿನಿಂದ ಹೊತ್ತು ಹೊತ್ತು ಸುಸ್ತಾದವನನ್ನು ಯಜಮಾನ ಬೇರೆ ಬಂದು ತಟ್ಟಿದರೆ ಅವನೇನು ಮಾಡಿಯಾನು? ಟಪ್ ಅಂತ ಕೈಬಿಟ್ಟ.

ಕಾಕಂಬಿಗೆ ಅವಸರ ಅನ್ನುವುದು ಗೊತ್ತಿಲ್ಲ. ತೋಳಿನಷ್ಟು ದಪ್ಪನೆಯ ಕರೀ ಹಾವು ತೂತಿನಿಂದ ಇಳಿದು, ಕಂಠಪೂರ್ತಿಯ ಮೊಣಕೈಯಿಂದ ಶುರುಮಾಡಿ ಅವನ ಮುಖ, ಎದೆ, ಎಲ್ಲವನ್ನೂ ಸಾವಕಾಶವಾಗಿ ನೆಕ್ಕಿಕೊಂಡು ರಸ್ತೆಗೆ ಹರಡಿತು. ಓಡಿ ಅಂತ ಯಾರೋ ಹೇಳಿದರು. ಓಡಲು ಹೊರಟವರ ಚಪ್ಪಲಿಗಳು ಅಲ್ಲೇ ಉಳಿದವು. ಪೇದೆ ಒಂದು ಕಾಲೆತ್ತಿ ಕೊಕ್ಕರೆಯ ಹಾಗೆ ನಿಂತ, ಇನ್ನೊಂದನ್ನು ಇಡಲು ಜಾಗವಿಲ್ಲದೆ. ಸಾಹೇಬರ ಹೊಳೆಯುವ ಬೂಟುಗಳು ನೆಲಕ್ಕೆ ಬೇರು ಬಿಟ್ಟವು.

ಸಾಲದ್ದಕ್ಕೆ ಅದೇ ಗಳಿಗೆಗೆ ಷಡ್ಡಕನ ಬಿಳೀ ಕಾರು ಭರ್ರನೆ ಬಂತು. "ನಾನು ಬಂದೆ ಅತ್ತೆ, ಹೆದರ್ಬೇಡಿ" ಅಂತ ಕಿಟಕಿಯಿಂದ ಕೂಗುತ್ತಾ ಕಾಕಂಬಿಯ ನಟ್ಟನಡುವೆ ಬ್ರೇಕು ಹಾಕಿದ. ಆಮೇಲೆ ಆ ಕಾರನ್ನು ಅಲ್ಲಿಂದ ಕೀಳಲು ಎರಡು ಲಾರಿ, ಒಂದು ಹಗ್ಗ ಬೇಕಾದವು.

ಗಲಾಟೆಯ ನಡುವೆ ಒಬ್ಬ ಲಾರಿ ಡ್ರೈವರ್ ಟ್ಯಾಂಕರಿನ ಮುಂದಿನ ಚಕ್ರದ ಹತ್ತಿರ ಬಗ್ಗಿದವನು ಕಂಠಪೂರ್ತಿಯನ್ನು ಕೈಬೀಸಿ ಕರೆದ. ಸ್ಪ್ರಿಂಗಿನ ಪಟ್ಟಿಗಳು ಬಿರುಕು ಬಿಟ್ಟಿದ್ದವು, ಒಂದು ಮುರಿದೇ ಹೋಗಿತ್ತು. ಬ್ರೇಕಿನಿಂದ ಇನ್ನೂ ಹೊಗೆ ಏಳುತ್ತಿತ್ತು.

"ಅಣ್ಣ" ಅಂದ ಆ ಡ್ರೈವರ್, ಮುಂದಿನ ಘಟ್ಟದ ಕಡೆ ತೋರಿಸಿ. "ಇದರಲ್ಲಿ ಆ ಇಳಿಜಾರು ಇಳೀಬೇಕು ಅಂತಿದ್ಯಾ? ಒಂದು ತಿರುವು ದಾಟ್ತಿರಲಿಲ್ಲ."

ಕಂಠಪೂರ್ತಿ ಕ್ಯಾಬಿನ್ನಿನ ಕಡೆ ನೋಡಿದ. ಅತ್ತೆಯ ಸಿಂಹಾಸನ ಖಾಲಿ ಇತ್ತು. ಅದು ಹೀಗೆ, ನಿಂತ ಗಾಡಿಯಲ್ಲಿ, ಸಮತಟ್ಟು ನೆಲದ ಮೇಲೆ ಖಾಲಿ ಇರುವುದೆಂಥ ಭಾಗ್ಯ ಅಂತ ಅವನಿಗೆ ಆಗ ಹೊಳೆಯಿತು. ಕಾಕಂಬಿಯಲ್ಲೇ ದಬ್ಬನೆ ಕೂತ. ಕೂತವನು ತೂಕದಕಟ್ಟೆಯ ಹಲಗೆಗೆ ಕೈ ಮುಗಿದ. ಆಮೇಲೆ ಗೂಡಿಗೆ, ಕೆಂಪು ಅಂಕಿಗಳಿಗೆ, ತರಕಾರಿಯವಳ ತಕ್ಕಡಿಗೆ, ಒಂಟಿ ಕಾಲಿನ ಪೇದೆಗೆ. ಕೊನೆಗೆ ಸಾಹೇಬರ ಕಾಲು ಹಿಡಿಯಲು ಹೋದ. ಹಿಡಿದದ್ದು ಖಾಲಿ ಬೂಟು. ಸಾಹೇಬರು ಅದನ್ನು ಬಿಟ್ಟು ಬರಿಗಾಲಲ್ಲಿ ಜೀಪು ಹತ್ತಿದ್ದರು.

"ಕೈ ಮುಗಿದಿದ್ದು ಸಾಕು" ಅಂತ ಜೀಪಿನಿಂದ ಕೂಗಿದರು. "ನಿಮ್ಮತ್ತೆಯನ್ನ ಎತ್ತಿ ಇಲ್ಲಿ ಕೂರಿಸು. ನನ್ನಿಂದ ತಡ ಆಗಿದ್ದು, ನಾನೇ ಮುಟ್ಟಿಸ್ತೀನಿ."

"ನಾನು ಬರಲ್ಲ" ಅಂದರು ಅತ್ತೆ, ತರಕಾರಿ ಬುಟ್ಟಿಯ ಪಕ್ಕ ಗಟ್ಟಿಯಾಗಿ ಕೂತು. "ಅಡ್ಡ ಬಂತು. ತಪ್ಪಿತು. ಮಾತು ಅಂದ್ರೆ ಮಾತು."

ಎಲ್ಲರೂ ಹೇಳಿ ನೋಡಿದರು. ಷಡ್ಡಕ ಕಾರಿನ ಕಿಟಕಿಯಿಂದಲೇ ಭಾಷಣ ಮಾಡಿದ. ಅತ್ತೆ ಅಲ್ಲಾಡಲಿಲ್ಲ. ಆಗ ಕಂಠಪೂರ್ತಿ ಬಂದು ಎದುರಿಗೆ ಕೂತ.

"ಅತ್ತೆ, ಅಡ್ಡ ಬರಲಿಲ್ಲ. ಅಡ್ಡ ಬಂದಿದ್ರೆ ಈಗ ನಾವಿಬ್ರೂ ಕಣಿವೆ ತಳದಲ್ಲಿ ಇರ್ತಿದ್ವಿ. ಇವರು ಹಿಡಿದು ನಿಲ್ಲಿಸಿದಾರೆ. ನನ್ನ ಜಂಬಕ್ಕೆ ನಿಮ್ಮನ್ನ ಕೊಂದುಬಿಡ್ತಿದ್ದೆ."

ಅವನ ಗಟ್ಟಿ ದನಿ ಅಷ್ಟು ಸಣ್ಣಗಾದದ್ದನ್ನು ಅತ್ತೆ ಹಿಂದೆಂದೂ ಕೇಳಿರಲಿಲ್ಲ. ಕಿವಿಯನ್ನು ಅವನ ಕಡೆ ತಿರುಗಿಸಿದರು.

"ನಿಜವಾಗ್ಲೂ ಸಾಯ್ತಿದ್ವಾ?"

"ನಿಜವಾಗ್ಲೂ."

"ಹಾಗಾದ್ರೆ ಎತ್ತಿ. ಅಂಟಿಸ್ಬೇಡಿ ನನಗೆ ಅದನ್ನ."

ಜೀಪಿನ ಸೈರನ್ನು ಹಾಕಿದರು ಸಾಹೇಬರು. ಘಟ್ಟದ ತಿರುವುಗಳು ತಾವಾಗಿಯೇ ನೆಟ್ಟಗಾಗಿ ದಾರಿ ಬಿಟ್ಟವು ಅಂತ ನಾನು ಹೇಳಿದರೆ ನೀವು ನಂಬುವುದಿಲ್ಲ, ಆದ್ದರಿಂದ ಬಿಡುತ್ತೇನೆ. ಆಸ್ಪತ್ರೆಯ ಮುಂದೆ ಸೈರನ್ನು ಕೇಳಿ ಯಾರೋ ಭಾರೀ ಆಸಾಮಿ ಬಂದರು ಅಂತ ಕೈಚೀಲ ಹಿಡಿದು ಹೊರಟಿದ್ದ ಡಾಕ್ಟರೇ ಬಾಗಿಲಿಗೆ ಬಂದರು. ಬರಿಗಾಲಿನ ಅಧಿಕಾರಿ, ನೆತ್ತಿಯಿಂದ ಪಾದದವರೆಗೆ ಕರ್ರಗೆ ಮಿರುಗುವ ಒಬ್ಬ ಮನುಷ್ಯ, ಅವನ ಹೆಗಲಿನ ಮೇಲೆ ಮುಟ್ಟದಂತೆ ಮುಟ್ಟಿಕೊಂಡು ಕಡ್ಡಿಯಂಥ ಹೆಂಗಸು. ಡಾಕ್ಟರು ಏನೂ ಕೇಳದೆ ಕೈಚೀಲ ಕೆಳಗಿಟ್ಟರು.

ಮರುದಿನ ಬೆಳಿಗ್ಗೆ ಒಂದು ಕಣ್ಣಿನ ಪಟ್ಟಿ ಬಿಚ್ಚುವಾಗ ಎಲ್ಲರೂ ಇದ್ದರು. ಮಗಳಂದಿರಿಬ್ಬರು, ಷಡ್ಡಕ, ಬಾಗಿಲ ಹತ್ತಿರ ಹೊಸ ಚಪ್ಪಲಿ ಹಾಕಿಕೊಂಡ ಸಾಹೇಬರು. ಕಂಠಪೂರ್ತಿ ಗೋಡೆಗೆ ಒರಗಿ ನಿಂತಿದ್ದ. ಎಲ್ಲಿಗೂ ಹೋಗಿರಲಿಲ್ಲ. ಸ್ನಾನ ಮಾಡಿಬಾ ಅಂತ ಹೆಂಡತಿ ಎಷ್ಟು ಬೈದರೂ, "ಅಷ್ಟರಲ್ಲಿ ಡಾಕ್ಟರು ಕರೆದ್ರೆ?" ಅಂತ ಆ ಬಾಗಿಲು ಬಿಟ್ಟು ಕದಲಿರಲಿಲ್ಲ. ಕಾಕಂಬಿ ಒಣಗಿ ಅವನ ಮೇಲೆ ಇನ್ನೊಂದು ಚರ್ಮವಾಗಿತ್ತು. ಇರುವೆಗಳು ಸಾಲಾಗಿ ಬಂದು ಹೋಗುತ್ತಿದ್ದವು. ಅವನು ಅವಕ್ಕೂ ಏನೂ ಅನ್ನಲಿಲ್ಲ.

ಅತ್ತೆ ಕಣ್ಣು ಬಿಟ್ಟರು. ಡಾಕ್ಟರು ಬೆರಳು ತೋರಿಸಿ ಎಷ್ಟು ಅಂದರು. ಅತ್ತೆ ಬೆರಳಿನ ಕಡೆ ನೋಡಲೇ ಇಲ್ಲ. ಮಗಳಂದಿರ ಮುಖ ನೋಡಿದರು. "ದಪ್ಪ ಆಗಿದೀರ ಇಬ್ರೂ" ಅಂದರು. ಷಡ್ಡಕನನ್ನು ನೋಡಿ, "ಇಷ್ಟೇನಾ" ಅಂದರು. ಸಾಹೇಬರಿಗೆ ಎರಡೂ ಕೈ ಮುಗಿದರು. ಸಾಹೇಬರು ಕಿಟಕಿಯಾಚೆ ನೋಡಿದರು.

ಕೊನೆಗೆ ಗೋಡೆಯ ಕಡೆ ತಿರುಗಿ, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ದಿಟ್ಟಿಸಿದರು.

"ಅಲ್ಲಿ ನಿಂತಿರೋದು ಯಾರು?"

"ನಾನೇ ಅತ್ತೆ."

ದನಿಯ ಗುರುತು ಸಿಕ್ಕಿತು. ಮುಖದ ಗುರುತು ಅವರ ಹತ್ತಿರ ಇರಲೇ ಇಲ್ಲವಲ್ಲ. ಮಗಳನ್ನು ಕರೆದು ಬಿಸಿನೀರು, ಬಟ್ಟೆ ತರಿಸಿದರು. ಅಳಿಯನನ್ನು ಮಂಚದ ಅಂಚಿಗೆ ಕೂರಿಸಿಕೊಂಡರು. ಬಟ್ಟೆ ಹಿಂಡಿ, ಗಲ್ಲ ಹಿಡಿದು, ಹಣೆಯಿಂದ ಶುರುಮಾಡಿ ಮೆಲ್ಲಗೆ ಒರೆಸತೊಡಗಿದರು. ಕಾಕಂಬಿ ಸುಲಭಕ್ಕೆ ಬಿಡುವಂಥದ್ದಲ್ಲ. ಹುಬ್ಬು ಬಂತು. ಮೂಗು ಬಂತು. ಕೆನ್ನೆಯ ಮೇಲೆ ಎರಡು ಗೆರೆ ಆಗಲೇ ತೊಳೆದುಹೋಗಿದ್ದವು, ಅಲ್ಲಿ ಒರೆಸುವ ಅಗತ್ಯವಿರಲಿಲ್ಲ.

"ಅಲ್ಲಾಡ್ಬೇಡಿ" ಅಂದರು ಅತ್ತೆ, ಬಟ್ಟೆಯನ್ನು ಮತ್ತೆ ನೀರಿಗೆ ಅದ್ದುತ್ತಾ. "ಸರಿಯಾಗಿ ನೋಡ್ಬೇಕು ನಾನು."